ಮಳೆಗಾಲ ಅಂತ ಇಲ್ಲದ ದೇಶ

ಕ್ರೀಚ್, ಕ್ರೀಚ್ ಎಂದು ಆ ಗ್ಲೋಬು ತಿರುಗುವ ಸದ್ದು ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತು. ಅದರ ಕಂಬಿಗೆ ತುಕ್ಕು ಹಿಡಿದಿತ್ತು. ನಮ್ಮ ಜಾಗ್ರಫಿ ಮಿಸ್ ಅದನ್ನು ಎಡಗೈಯ ತೋರುಬೆರಳೊಂದರಿಂದಲೇ ತಿರುಗಿಸುತ್ತಿದ್ದರು. ಆ ಬೆರಳಿನ ಉಗುರು ಒಡೆದು ಎರಡಾಗಿತ್ತು. ಚಿಕ್ಕಂದಿನಲ್ಲಿ ಬೀಸುವ ಕಲ್ಲಿಗೆ ಸಿಕ್ಕಿತ್ತಂತೆ. ನಮಗೆ ಜಗತ್ತಿನ ದೇಶಗಳೆಲ್ಲ ಆ ಒಡೆದ ಉಗುರಿನ ಕೆಳಗೇ ಪರಿಚಯವಾದವು.

ಅಪ್ಪ ಅರಕಲಗೂಡಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ನನ್ನನ್ನು ಹಾಸನದ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಅಲ್ಲಿ ಸಿಸ್ಟರ್‌ಗಳ ನಡುವೆ ಸೀರೆ ಉಟ್ಟು ಪಾಠ ಮಾಡುತ್ತಿದ್ದವರು ಇಬ್ಬರೋ ಮೂವರೋ. ಅವರಲ್ಲೊಬ್ಬರು ಮಿಸ್. ಹಣೆಯ ಮೇಲೆ ವಿಭೂತಿಯ ತೆಳು ಗೆರೆ ಇರುತ್ತಿತ್ತು, ಸಿಸ್ಟರ್‌ಗಳು ಅದನ್ನು ಕಂಡೂ ಕಾಣದಂತಿದ್ದರು. ಹೊಳೆನರಸೀಪುರದ ಅಂಗಡಿಯವರ ಮನೆತನ. ತಂದೆ ತೀರಿಕೊಂಡ ಮೇಲೆ ಅಂಗಡಿ ಹೋಯಿತು, ಇವರ ಮದುವೆಯ ಮಾತೂ ಹೋಯಿತು. ತಮ್ಮನನ್ನು ಓದಿಸುವ ಭಾರ ಇವರ ಮೇಲೆ ಬಿತ್ತು. ಅವನು ಓದು ಬಿಟ್ಟು, ಮಿಲಿಟರಿ ಲಾರಿ ಓಡಿಸಲು ಸೇರಿ, ಹಡಗು ಹತ್ತಿದ್ದ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆಗ ನಮಗೆ ಕಾಣುತ್ತಿದ್ದುದು ಇಷ್ಟೇ: ಮಿಸ್ ಯಾವಾಗಲೂ ದಣಿದಿರುತ್ತಿದ್ದರು. ಮೂವತ್ತೂ ತುಂಬಿರಲಿಲ್ಲ, ಆದರೂ ಕುರ್ಚಿಯಿಂದ ಏಳುವಾಗ "ಶಿವನೇ" ಅನ್ನದೆ ಏಳುತ್ತಿರಲಿಲ್ಲ. ಗದರಿಸುವುದಕ್ಕೂ ಅವರಲ್ಲಿ ತ್ರಾಣವಿರಲಿಲ್ಲ. ತಪ್ಪು ಉತ್ತರ ಹೇಳಿದರೆ, "ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ನೋಡಮ್ಮ, ಆಮೇಲೆ ಹೇಳು" ಎಂದು ಬಿಟ್ಟುಬಿಡುತ್ತಿದ್ದರು. ಯಾವ ದೇಶವನ್ನಾದರೂ ಒಗೆದ ಬಟ್ಟೆಯಿಂದ ಅಳೆಯುತ್ತಿದ್ದರು. "ಇಂಗ್ಲೆಂಡಿನಲ್ಲಿ ಬಟ್ಟೆ ಒಣಗೋಕೆ ಎರಡು ದಿನ ಬೇಕು. ಅರೇಬಿಯಾದಲ್ಲಿ ಹಿಂಡಿ ಮುಗಿಸೋ ಹೊತ್ತಿಗೆ ಒಣಗಿರುತ್ತೆ. ಕ್ಲೈಮೇಟ್ ಅಂದರೆ ಅಷ್ಟೇ ಕಣ್ರೇ." ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಬರುತ್ತಿರಲಿಲ್ಲ. ಆದರೆ ಅದು ಮರೆತೂ ಹೋಗಲಿಲ್ಲ.

ಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಮಿಸ್ ಒಂದೇ ಪ್ರಶ್ನೆಯನ್ನು ವಾರವಾರವೂ ಕೊಡತೊಡಗಿದರು: ಈಜಿಪ್ಟ್ ಮತ್ತು ಮಲಯ ದೇಶಗಳ ಹವೆ, ನೆಲ, ನದಿಗಳನ್ನು ಹೋಲಿಸಿ ಬರೆಯಿರಿ. ನಮಗೋ ಬೇಸರ ಬಂದುಹೋಯಿತು. ನನ್ನ ಪಕ್ಕ ಕೂರುತ್ತಿದ್ದ ಚನ್ನರಾಯಪಟ್ಟಣದ ಹುಡುಗಿ ಪಿಸುಗುಟ್ಟಿದಳು: "ಮಿಸ್‌ಗೆ ಮಲಯದಲ್ಲಿ ಗಂಡು ನೋಡ್ತಾವ್ರೆ ಕಣೆ. ಅದಕ್ಕೇ ಈ ವಿಚಾರಣೆ."

ಬೆಂಚೆಲ್ಲ ನಕ್ಕಿತು. ಮಿಸ್‌ಗೆ ಕೇಳಿಸಿತ್ತು. "ಈಜಿಪ್ಟಿನ ಗಂಡೇ ಆಗಲಿ ಬಿಡು, ಬಟ್ಟೆ ಬೇಗ ಒಣಗುತ್ತೆ" ಎಂದರು. ಅವರು ಮಾತ್ರ ನಗಲಿಲ್ಲ.

ಜಪಾನಿನವರು ಮಲಯಕ್ಕೆ ನುಗ್ಗಿದ ಸುದ್ದಿ ಬಂದ ವಾರ, ಒಂದು ಸಂಜೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. ಕೈಯಲ್ಲೊಂದು ಕಾಗದ. "ಆ ಪ್ರಶ್ನೆಗೆ ನೀನು ಎಲ್ಲರಿಗಿಂತ ಚೆನ್ನಾಗಿ ಬರೀತೀಯ. ಇದನ್ನ ಓದಿ ಹೇಳು, ಇದು ಎರಡರಲ್ಲಿ ಯಾವ ದೇಶ?"

ತಮ್ಮನ ಕಾಗದ ಅದು. ಸ್ಥಳದ ಗುರುತು ಸಿಗುವ ಕಡೆಯೆಲ್ಲ ಸೆನ್ಸಾರಿನವರು ಕಪ್ಪು ಮಸಿ ಬಳಿದಿದ್ದರು. ಅವನ ಜೊತೆ ಹೊರಟವರಲ್ಲಿ ಕೆಲವರು ಈಜಿಪ್ಟಿಗೆ, ಕೆಲವರು ಮಲಯಕ್ಕೆ ಹೋದರೆಂದು ಊರಿನಲ್ಲಿ ಮಾತು. ಇವನು ಯಾವ ಕಡೆ ಎಂದು ಯಾರಿಗೂ ಗೊತ್ತಿಲ್ಲ. ಕಾಗದದಲ್ಲಿ ಉಳಿದಿದ್ದ ಹವೆಯ ಮಾತು ಒಂದೇ ಸಾಲು: "ಅಕ್ಕ, ಇಲ್ಲಿ ಮಳೆಗಾಲ ಅಂತ ಇಲ್ಲ."

"ಈಜಿಪ್ಟ್ ಮಿಸ್, ಡೌಟೇ ಇಲ್ಲ" ಎಂದೆ. "ಮಲಯದಲ್ಲಿ ಬರೀ ಮಳೆ. ಮಳೆಗಾಲ ಇಲ್ಲದಿರೋದು ಡೆಸರ್ಟಿನಲ್ಲಿ ತಾನೇ?"

ಮಿಸ್ ಕಾಗದ ಮಡಿಸಿದರು. "ನನಗೂ ಹಾಗೇ ಅನ್ನಿಸಿತ್ತು. ಇನ್ನೊಬ್ಬರ ಬಾಯಲ್ಲಿ ಬರಬೇಕಿತ್ತು."

ಅಂದಿನಿಂದ ಆ ಪ್ರಶ್ನೆ ನಿಂತಿತು. ಮಲಯದ ತುದಿಯ ಸಿಂಗಾಪುರವೂ ಬಿತ್ತೆಂದು ಪೇಪರಿನಲ್ಲಿ ಬಂದ ದಿನ ಮಿಸ್ ಯುರೋಪಿನ ನದಿಗಳ ಪಾಠ ಮಾಡಿದರು, ಸ್ವಲ್ಪ ಲವಲವಿಕೆಯಿಂದಲೇ.

ತಿಂಗಳು ಕಳೆದ ಮೇಲೆ ಇನ್ನೊಂದು ಕಾಗದ ಬಂತು. ಸಿಂಗಾಪುರ ಬೀಳುವ ಮೊದಲೇ ಬರೆದದ್ದು, ಎಲ್ಲೆಲ್ಲೋ ಅಲೆದು ತಡವಾಗಿತ್ತು. ಮಿಸ್ ನನ್ನನ್ನು ಕರೆದು ಕೈಗೆ ಕೊಟ್ಟರು. "ಬಟ್ಟೆ ಒಣಗೋದೇ ಇಲ್ಲ ಅಕ್ಕ. ದಿನಾ ಮಧ್ಯಾಹ್ನ ಮಳೆ. ಅದಕ್ಕೇ ಬರೆದಿದ್ದು, ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ವರ್ಷವೆಲ್ಲ ಅದೇ."

ಓದಿ ನಾನು ತಲೆ ತಗ್ಗಿಸಿದೆ. ಮಿಸ್ ಬೈಯಲಿಲ್ಲ. ಆ ಭಾನುವಾರ ಸಿಸ್ಟರ್ ಹತ್ತಿರ ಪರ್ಮಿಷನ್ ಕೇಳಿ ನನ್ನನ್ನು ರೈಲಿನಲ್ಲಿ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದರು. ದಾರಿಯಲ್ಲಿ ಹೇಳಿದರು: "ಮಗ ಈಜಿಪ್ಟಿನಲ್ಲಿದ್ದಾನೆ ಅಂತ ಅವ್ವನಿಗೆ ಹೇಳಿಬಿಟ್ಟಿದ್ದೀನಿ. ಅದು ಹಾಗೇ ಇರಲಿ. ನೀನು ನಿನ್ನ ಕಾಂಪೋಸಿಷನ್ ಹೇಳು, ಕನ್ನಡದಲ್ಲಿ. ನನಗೆ ಇವತ್ತು ಬಾಯಿ ಬರೋಲ್ಲ."

ಅವರ ತಾಯಿ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಪಾಠ ಒಪ್ಪಿಸುವಂತೆ ಶುರುಮಾಡಿದೆ.

"ಬಿಸಿಲು ಎಂಗೈತೆ ಮಗಾ ಅಲ್ಲಿ?"

"ಬಿಸಿಲು ಜಾಸ್ತಿ ಅಜ್ಜಿ, ಆದರೆ ಬೆವರೋದು ಕಡಿಮೆ. ಗೋಧಿ ಬೆಳೀತಾರೆ, ಖರ್ಜೂರ ಬೆಳೀತಾರೆ."

"ರಾಗಿ ಇಲ್ವಾ? ಅಯ್ಯೋ ಕಂದ. ಅವ್ನು ಮುದ್ದೆ ಇಲ್ದೆ ಎಂಗಿದ್ದಾನು?"

"ಮಳೆ ಬೀಳೋದೇ ಇಲ್ಲ. ಆದರೆ ದೊಡ್ಡ ಹೊಳೆ ಇದೆ."

ಅವರ ಕೈ ನಿಂತಿತು. "ಮಳೆ ಇಲ್ದೆ ಒಳೆ ಎಲ್ಲಿಂದ ಬತ್ತದೆ? ಇಸ್ಕೂಲ್ನಾಗೆ ಸುಳ್ಳು ಯೋಳ್ಕೊಡ್ತಾಳೇನು ನನ್ನ ಮಗ್ಳು?"

ನಾನು ಮಿಸ್ ಕಡೆ ನೋಡಿದೆ. ಮಿಸ್ ಕಂಬಕ್ಕೆ ಒರಗಿಯೇ ಹೇಳಿದರು: "ದೂರದ ಬೆಟ್ಟದಾಗೆ ಮಳೆ ಬೀಳ್ತದೆ ಕಣವ್ವ. ಅವನಿರೋ ಊರಾಗೆ ನೀರು ಬತ್ತದೆ."

"ಓ, ಅಂಗನ್ನು. ನಮ್ಮ ಒಳೆ ತುಂಬೋದೂ ಸಕಲೇಶಪುರದ ಮಳೇಗೆ ತಾನೆ? ಅಂಗಾದ್ರೆ ನಮ್ಮೂರಂಗೇ ಐತೆ ಬುಡು." ಆ ತಾಯಿ ಮತ್ತೆ ಹುಣಸೆಬೀಜ ತೆಗೆಯತೊಡಗಿದರು.

ಆಮೇಲೆ ಮಿಸ್ ಪ್ರತಿ ತಿಂಗಳೂ ಒಬ್ಬರೇ ಹೋಗುತ್ತಿದ್ದರು. ಈಜಿಪ್ಟಿನಲ್ಲಿ ಈಗ ಹೊಳೆ ತುಂಬಿತು, ಈಗ ಇಳಿಯಿತು, ಈಗ ಬಿತ್ತನೆ ಎಂದು ತಾಯಿಗೆ ಹೇಳಿ ಬರುತ್ತಿದ್ದರು. ಅದಕ್ಕಾಗಿ ಲೈಬ್ರರಿಯಲ್ಲಿ ಕೂತು ಓದುತ್ತಿದ್ದರು. ಸೋಮವಾರ ಕ್ಲಾಸಿಗೆ ಬಂದರೆ ಹತ್ತು ಮೈಲಿ ನಡೆದು ಬಂದವರಂತೆ ಇರುತ್ತಿದ್ದರು. ಯುದ್ಧ ಮುಗಿಯಿತು. ಸೆರೆಯಾದವರ ಪಟ್ಟಿಯಲ್ಲಿ ತಮ್ಮನ ಹೆಸರಿರಲಿಲ್ಲ, ಸತ್ತವರ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ಮದುವೆ ಗೊತ್ತಾದಾಗ ಲಗ್ನಪತ್ರಿಕೆ ಕೊಡಲು ಹೊಳೆನರಸೀಪುರಕ್ಕೆ ಹೋದೆ. ತಾಯಿ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಿಸ್ ಕೆಲಸ ಬಿಟ್ಟು ಊರು ಸೇರಿದ್ದರು. ಮಧ್ಯಾಹ್ನ, ಅದೇ ಜಗುಲಿ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಬಂತು.

"ಮಿಸ್, ಅವತ್ತು ನಾನು ಹೇಳಿದ್ದು ತಪ್ಪು. ಸಾರಿ ಕೂಡ ಕೇಳಲಿಲ್ಲ ನಿಮ್ಮನ್ನ."

ಅವರು ಪತ್ರಿಕೆಯ ಅರಿಶಿನ ಹಚ್ಚಿದ ಅಂಚನ್ನು ಬೆರಳಿನಿಂದ ಸವರಿದರು.

"ನೀನು ಈಜಿಪ್ಟ್ ಅಂದೆಯಲ್ಲ. ತಮ್ಮನ ಮೊದಲನೇ ಕಾಗದದಿಂದ ಎರಡನೇ ಕಾಗದದವರೆಗೆ ಮೂರು ತಿಂಗಳು. ಆ ಮೂರು ತಿಂಗಳು ನಾನು ಕಣ್ತುಂಬ ನಿದ್ದೆ ಮಾಡಿದೆ ಕಣಮ್ಮ. ಆಮೇಲೆ ಮಾಡಿಲ್ಲ. ನೀನು ಸರಿಯಾಗಿ ಹೇಳಿದ್ದಿದ್ದರೆ ಅದೂ ಇರ್ತಿರಲಿಲ್ಲ."

ಒಳಗೆ ಹೋಗಿ ಬಟ್ಟಲು ತಂದು ನನ್ನ ಹಣೆಗೆ ಕುಂಕುಮವಿಟ್ಟರು. ಮದುವೆಗೆ ಬರಲಾರೆ, ಅಷ್ಟು ದೂರ ಪ್ರಯಾಣ ಆಗೊಲ್ಲ ಎಂದರು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಬಾಗಿಲಿಗೆ ಒರಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಾನು ಹೋದ ದಿಕ್ಕಿಗೇ ನೋಡುತ್ತ ನಿಂತಿದ್ದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.