ಹುರುಳಿ ಸಾರು ಯಾರಿಗೆ ಉಷ್ಣ?

ಹುಣಸೂರು ತಾಲ್ಲೂಕಿನಲ್ಲಿ ಹುರುಳಿ ಸಾರು ಬೇಡ ಅನ್ನುವ ಮನುಷ್ಯನನ್ನು ನೀವು ಎಂದಾದರೂ ಕಂಡಿದ್ದೀರಾ? ಕಳೆದ ಭಾನುವಾರ ನಾನು ಒಂದು ಪಂಕ್ತಿ ತುಂಬಾ ಕಂಡೆ. ಅದೂ ಚರ್ಚಿನ ಅಂಗಳದಲ್ಲಿ.

ನನಗೆ ಅಲ್ಲೇನು ಕೆಲಸ ಅಂತೀರಾ? (ಹಣೆಯ ಮೇಲಿನ ವಿಭೂತಿ ಹಾಗೇ ಇದೆ, ಗಾಬರಿ ಬೇಡ.) ನನ್ನ ಫ್ರೆಂಡು ಸ್ಯಾಮ್ಯುಯೆಲ್ ಮೇಷ್ಟ್ರು ಊಟಕ್ಕೆ ಕರೆದಿದ್ದರು. ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ, ಆರಾಧನೆಯಾದ ನಂತರ, ಸಭೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಅವರ ಪದ್ಧತಿ. ಮುದ್ದೆ, ಅನ್ನ ಚರ್ಚಿನ ಒಲೆಯಲ್ಲೇ ಬೇಯುತ್ತದೆ. ಸಾರು ಮಾತ್ರ ಮನೆಮನೆಯಿಂದ ಬರಬೇಕು. ಇದಕ್ಕೆ ಪ್ರೀತಿಭೋಜನ ಅಂತ ಹೆಸರು.

ಪಾದ್ರಿಗಳ ಪ್ರಸಂಗವೂ ಅವತ್ತು ಪ್ರೀತಿಯ ಮೇಲೆಯೇ. ಪ್ರೀತಿಯಿಲ್ಲದಿದ್ದರೆ ಪ್ರಾರ್ಥನೆ, ಉಪವಾಸ, ಬೈಬಲ್ ಓದು ಎಲ್ಲ ದಂಡ ಎಂದರು. ಚೆನ್ನಾಗಿಯೇ ಹೇಳಿದರು. ಹೆಂಗಸರ ಬೆಂಚಿನಲ್ಲಿ ಕಣ್ಣೊರೆಸಿಕೊಂಡವರೂ ಉಂಟು.

ಆಮೇಲೆ ಎಲೆ ಹಾಕಿದರು.

ಕಟ್ಟೆಮಳಲವಾಡಿಯ ಶಾಂತಮ್ಮ ಅನ್ನುವ ವಿಧವೆ ಈಚೆಗಷ್ಟೇ ಸಭೆಗೆ ಸೇರಿದವಳು. ಊರಾಚೆಯ ಕೇರಿಯವಳು. ಒಂದು ಮಡಕೆ ಹುರುಳಿ ಸಾರು ಹೊತ್ತುಕೊಂಡು ನಡೆದೇ ಬಂದಿದ್ದಳು. ಬಡಿಸುವವನು ಮೊದಲು ಎತ್ತಿಕೊಂಡದ್ದು ಅದನ್ನೇ. ಪಂಕ್ತಿಗೆ ಪಂಕ್ತಿಯೇ ಎಲೆಗೆ ಕೈ ಅಡ್ಡ ಹಿಡಿಯಿತು.

"ನಂಗೆ ಹುರುಳಿ ಉಷ್ಣ ಕಣಪ್ಪಾ."

"ಡಾಕ್ಟ್ರು ಬ್ಯಾಡ ಅಂದವ್ರೆ."

"ನಾನು ಅವರೆಕಾಳ್ ಸಾರ್ಗೆ ಕಾಯ್ತಿವ್ನಿ, ಮುಂದಕ್ ಓಗ್ಲಾ."

ಇವರೆಲ್ಲ ಅಜ್ಜಂದಿರ ಕಾಲದಲ್ಲೇ ಜಾತಿ ಬಿಟ್ಟು ಬಂದ ಮನೆಗಳವರು. (ದಿಲ್ಲಿಯಲ್ಲಿ ಅಸ್ಪೃಶ್ಯತೆಯ ಮೇಲೆ ಕಾಯಿದೆ ಬಂದಿದೆ. ಹುರುಳಿ ಸಾರಿನ ಮೇಲೆ ಇನ್ನೂ ಬಂದಿಲ್ಲ.) ನಾನೇನು ಮಾಡಿದೆ ಅಂತ ಕೇಳಬೇಡಿ. ಸಾರು ನನ್ನ ಎಲೆಯವರೆಗೆ ಬಂದಿರಲಿಲ್ಲ. ಸದ್ಯ!

ಪ್ರಸಂಗ ಕೇಳುವಾಗ ಪ್ರೀತಿ ಎಲ್ಲರಿಗೂ ಒಗ್ಗುತ್ತದೆ. ಅದಕ್ಕೊಂದು ಹೆಸರು, ಒಂದು ಕೇರಿ ಅಂಟಿಕೊಂಡಾಗ ತೊಂದರೆ ಶುರು. ನಮ್ಮ ಗುಡಿಗಳಲ್ಲಿ ಮಾತ್ರ ಬೇರೆಯೇ?

ಶಾಂತಮ್ಮ ಕಂಬದ ಪಕ್ಕ ನಿಂತು ನೋಡುತ್ತಿದ್ದಳು. ತುಂಬಿದ ಮಡಕೆಯನ್ನು ಹಾಗೇ ಊರಿಗೆ ಹೊತ್ತೊಯ್ದರೆ ಮುಗಿಯಿತು. ಆ ದೇವರ ಹತ್ತಿರ ಹೋದರೂ ಇಷ್ಟೇನಾ ಎಂದು ಕೇರಿಯವರು ನಗುತ್ತಾರೆ. ಇನ್ನೊಂದು ಭಾನುವಾರ ಅವಳು ಈ ಕಡೆ ತಲೆ ಹಾಕುವುದುಂಟೇ? ನನಗೆ ಸಂಕಟವಾಯಿತು. ಪಾದ್ರಿಗಳು ತಮ್ಮ ಎಲೆಯನ್ನೇ ನೋಡುತ್ತಿದ್ದರು.

ಆಗ ಎದ್ದವರು ಸಾಲೋಮಮ್ಮ. ಶಾಂತಮ್ಮನ ಊರಿನವರೇ, ಹಳೇ ಕ್ರೈಸ್ತರ ಮನೆಯ ಯಜಮಾನಿ. ಬಾಯಿ ಜೋರು. ಬಡಿಸುವವನ ಕೈಯಿಂದ ಮಡಕೆ ಕಿತ್ತುಕೊಂಡು, ಒಲೆಯ ಪಕ್ಕ ಖಾಲಿ ಬಿದ್ದಿದ್ದ ಕೊಪ್ಪರಿಗೆಗೆ ಸುರಿದರು. ಅದರ ಮೇಲೆ ಅವರೆಕಾಳು ಸಾರು, ಬಸ್ಸಾರು, ಸೊಪ್ಪಿನ ಸಾರು, ತಮ್ಮ ಮನೆಯ ಬೇಳೆ ಸಾರು, ಒಂದನ್ನೂ ಬಿಡದೆ ಸುರಿದು ಸೌಟಿನಿಂದ ತಿರುವಿದರು.

"ಈಗ ಯಾರ್ಗೆ ಉಷ್ಣ, ಯಾರ್ಗೆ ತಂಪು ಏಳ್ರಪ್ಪಾ. ಉಣ್ಣೋರ್ ಉಣ್ಣಿ. ಬ್ಯಾಡ್ದೋರು ಬರೀ ಮುದ್ದೆ ನುಂಗಿ."

ಬರೀ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ? ಮೊದಲು ಪಾದ್ರಿಗಳು ಎಲೆಯ ಮೇಲಿನ ಕೈ ತೆಗೆದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನಾನೂ ಹಾಕಿಸಿಕೊಂಡೆ. (ರುಚಿಯ ವಿಚಾರ ಬೇಡ.) ಶಾಂತಮ್ಮ ಹೆಂಗಸರ ಸಾಲಿನಲ್ಲಿ ಕೂತು ಉಂಡಳು.

ಕೈ ತೊಳೆಯುವಾಗ ಸಾಲೋಮಮ್ಮ ಪಕ್ಕದಲ್ಲೇ ಸಿಕ್ಕರು. ಪತ್ರಿಕೆಯವನ ಚಪಲ, ಸುಮ್ಮನಿರಲಾಗಲಿಲ್ಲ. "ಶಾಂತಮ್ಮನ ಮೇಲೆ ನಿಮಗೆ ಬಲು ಪ್ರೀತಿ ಅಂತ ಕಾಣುತ್ತೆ" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರ್ ಏಳುದ್ರು? ಅವ್ಳ್ ಮ್ಯಾಕೆ ನಮ್ ಇತ್ಲೆಲ್ಲಾ ಮೇಯ್ದಾಕದೆ. ನಾನು ಅವ್ಳ್ ಕೂಡೆ ಮಾತ್ ಬುಟ್ಟಿವ್ನಿ. ಅಂಗಂತ ಅವ್ಳು ಒತ್ಕಂಡ್ ಬಂದಿದ್ನ ಒತ್ಕಂಡೇ ಓಗ್ಬೇಕಾ?"