ಅರವತ್ತನೇ ನಂಬರಿನ ಪಟ್ಟಿ

ಜನವರಿಯ ಎರಡನೇ ಸೋಮವಾರ ಅರವತ್ತನೇ ನಂಬರಿನ ಪಟ್ಟಿ ಒದ್ದೆಯಾಗಿ ಬುಟ್ಟಿಯಲ್ಲಿ ಬಿದ್ದಿತ್ತು.

ಆರ್ಡಿಸ್ ಅನ್ರೂ ಅದನ್ನು ಎತ್ತಿ ಹಿಡಿದು ಹಾಗೇ ನಿಂತಳು. ಒಂದೂವರೆ ಅಡಿಯ ಬಟ್ಟೆಪಟ್ಟಿ. ತುದಿಗೆ ಕೊಂಡಿ, ಕೊಂಡಿಯ ಪಕ್ಕ ನಂಬರು. ಕಾಲೇಜಿನ ಆಟಗಾರರಿಗೆಲ್ಲ ಅಂಥದ್ದೊಂದು ಕೊಟ್ಟಿರುತ್ತಾರೆ. ಬೆವರಿದ ಅಂಗಿ, ಚಡ್ಡಿ, ಕಾಲುಚೀಲ ಅದಕ್ಕೆ ಪೋಣಿಸಿ, ಕೊಂಡಿ ಹಾಕಿ, ಬುಟ್ಟಿಗೆ ಎಸೆದು ಹೋಗುತ್ತಾರೆ. ಪಟ್ಟಿಯ ಸಮೇತ ಒಗೆದು ಒಣಗಿಸಿ ಆಯಾ ನಂಬರಿನ ಮೊಳೆಗೆ ತೂಗುಹಾಕುವುದು ಆರ್ಡಿಸಳ ಕೆಲಸ. ಇಪ್ಪತ್ತಾರು ವರ್ಷದಿಂದ ಜಿಮ್ಮಿನ ನೆಲಮಾಳಿಗೆಯಲ್ಲಿ ಅದನ್ನೇ ಮಾಡುತ್ತಿದ್ದಳು. ಹುಡುಗರ ಹೆಸರು ಅವಳ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನಂಬರು ನಿಲ್ಲುತ್ತಿತ್ತು, ವಾಸನೆಯೂ ನಿಲ್ಲುತ್ತಿತ್ತು.

ಅರವತ್ತು ಅವಳ ಗಂಡ ವೆಂಡೆಲನದು. ಅವನು ಸತ್ತು ಮೂರು ತಿಂಗಳಾಗಿತ್ತು.

ವೆಂಡೆಲ್ ಆಟಗಾರನಲ್ಲ. ತಂಡದ ಬಸ್ಸು ಓಡಿಸುತ್ತಿದ್ದ. ಬಸ್ಸಿಲ್ಲದ ದಿನ ಮೈದಾನದ ಹುಲ್ಲು ಕತ್ತರಿಸಿ ಬಿಳಿ ಗೆರೆ ಎಳೆಯುತ್ತಿದ್ದ. ಅವನಿಗೆ ಅರವತ್ತು ತುಂಬಿದ ವರ್ಷ ಹುಡುಗರು ತಮಾಷೆಗೆ ಆ ನಂಬರಿನ ಪಟ್ಟಿ ಕೊಟ್ಟರು. ಅವನು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ದಿನಾ ಕೆಲಸ ಮುಗಿಸಿ ತನ್ನ ಬೂದುಬಣ್ಣದ ಅಂಗಿಯನ್ನು ಅದಕ್ಕೇ ಪೋಣಿಸಿ ಬುಟ್ಟಿಗೆ ಹಾಕುತ್ತಿದ್ದ. ಹೆಂಡತಿ ಒಗೆಯುವುದು ಇದ್ದದ್ದೇ, ಆದರೂ ಸಾಲಿನಲ್ಲಿ ಬಂದು ಒಗೆಸಿಕೊಳ್ಳಬೇಕು ಅಂತ ಅವನಿಗೆ.

ಅವನು ಸತ್ತದ್ದು ಬಸ್ಸಿನಲ್ಲೇ. ಮೂರು ಗಂಟೆ ದಾರಿಯ ಊರಿನಲ್ಲಿ ಫುಟ್‌ಬಾಲ್ ಆಟವಿತ್ತು, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಫುಟ್‌ಬಾಲ್. ಆಟ ನಡೆಯುವಷ್ಟು ಹೊತ್ತು ಡ್ರೈವರು ಸೀಟಿನಲ್ಲೇ ಟೋಪಿ ಮುಖಕ್ಕೆಳೆದು ನಿದ್ದೆ ಮಾಡುವುದು ರೂಢಿ. ಕೋಚು ಬಂದು ಹುಡುಗರ ತಲೆ ಎಣಿಸುವ ತನಕ ವೆಂಡೆಲನನ್ನು ಎಬ್ಬಿಸಬಾರದು ಅನ್ನುವುದು ಹುಡುಗರ ನಡುವಿನ ಕಟ್ಟಳೆ. ಪಾಪ, ಸರಿರಾತ್ರಿಯ ತನಕ ಗಾಡಿ ಓಡಿಸಬೇಕಾದವನು. ಅವತ್ತು ಒಬ್ಬ ಹುಡುಗನ ಭುಜ ಸರಿದು ಕೋಚು ಆಸ್ಪತ್ರೆಗೆ ಹೋಗಿದ್ದ. ಐವತ್ತು ಹುಡುಗರು ಒಂದು ಗಂಟೆ ಬಸ್ಸಿನಲ್ಲಿ ಪಿಸುಮಾತಾಡಿಕೊಂಡು, ಬ್ರೆಡ್ಡಿನ ಕಾಗದವೂ ಸದ್ದಾಗದ ಹಾಗೆ ಬಿಚ್ಚಿ ತಿಂದು ಕೂತಿದ್ದರು. ಮುಂದಿನ ಸೀಟಿನವನು ವೆಂಡೆಲನ ಮೊಣಕಾಲಿಗೆ ತನ್ನ ಕೋಟು ಹೊದಿಸಿದ್ದನಂತೆ.

ಆಮೇಲೆ ಆರ್ಡಿಸ್ ಆ ಪಟ್ಟಿಗಾಗಿ ಹುಡುಕಿದಳು. ಬಸ್ಸು, ಮನೆ, ಮೈದಾನದ ಶೆಡ್ಡು, ಅವನ ಪಿಕಪ್ ಗಾಡಿ. ಎಲ್ಲೂ ಸಿಗಲಿಲ್ಲ. ನವೆಂಬರಿನಲ್ಲಿ ಗಾಡಿಯನ್ನು ಒಕ್ಲಹೋಮದವನೊಬ್ಬನಿಗೆ ಮಾರಿದಳು. ಮಾರುವ ಮುಂಚೆ ಸೀಟು ಬಿಚ್ಚಿಸಿಯೂ ನೋಡಿದ್ದಳು.

ಈಗ ಅದೇ ಪಟ್ಟಿ ಬುಟ್ಟಿಯಲ್ಲಿ. ಪಟ್ಟಿಯಲ್ಲಿ ಅದೇ ಬೂದು ಅಂಗಿ. ಕತ್ತು ಬಿಗಿಯುತ್ತದೆ ಅಂತ ಅವನೇ ಕತ್ತರಿಯಲ್ಲಿ ಸೀಳಿದ್ದ ಅಂಗಿ. ಬೆವರಿನಿಂದ ಭಾರವಾಗಿತ್ತು. ಅವಳು ಮೂಸಿದಳು. ವೆಂಡೆಲನದೇ ವಾಸನೆ. ಕಾಲುಚೀಲ ಮಾತ್ರ ಸಣ್ಣದಿತ್ತು. ಕುಗ್ಗಿರಬೇಕು ಅಂದುಕೊಂಡಳು.

ಬೇರೆ ಬಟ್ಟೆಯ ಜೊತೆ ಹಾಕಲು ಮನಸ್ಸಾಗಲಿಲ್ಲ. ಅದೊಂದನ್ನೇ ದೊಡ್ಡ ಮಿಷನ್ನಿಗೆ ಹಾಕಿ, ಚಿಟಿಕೆ ಸೋಪು ಬಿಟ್ಟು, ಗಾಜಿನೊಳಗೆ ಅದು ಸುತ್ತುವುದನ್ನು ಕೂತು ನೋಡಿದಳು. ಒಣಗಿದ ಮೇಲೆ ಅರವತ್ತನೇ ಮೊಳೆಗೆ ಹಾಕಿದಳು. ಮಾರನೇ ಬೆಳಿಗ್ಗೆ ಮೊಳೆ ಖಾಲಿ. ಬುಟ್ಟಿಯಲ್ಲಿ ಪಟ್ಟಿ ಒದ್ದೆ.

ಭಾನುವಾರ ಒಂದು ಬಿಟ್ಟು ದಿನಾ ಹೀಗೇ ನಡೆಯಿತು.

ಅವಳು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕು? ಚರ್ಚಿನ ಪಾದ್ರಿ, ವೆಂಡೆಲ್ ಈಗ ಕರ್ತನ ಬಳಿ ಇದ್ದಾನೆ ಅಂದಿದ್ದರು. ಕರ್ತನ ಬಳಿ ಇರುವವನು ಇಲ್ಲಿ ಬಂದು ಯಾಕೆ ಬೆವರುತ್ತಾನೆ ಅಂತ ಕೇಳಿದರೆ ಅವರಿಗೂ ಕಷ್ಟ. ಏಳಕ್ಕೆ ಕೆಲಸಕ್ಕೆ ಬರುತ್ತಿದ್ದವಳು ಒಂದು ದಿನ ಐದೂವರೆಗೆ ಬಂದು ಮೆಟ್ಟಿಲ ಹತ್ತಿರ ನಿಂತರೆ ಎಲ್ಲ ಗೊತ್ತಾಗುತ್ತಿತ್ತು. ಅಷ್ಟು ಅವಳಿಗೂ ತಿಳಿದಿತ್ತು. ಅದಕ್ಕೇ ಏಳೂವರೆಗೆ ಬರಲು ಶುರು ಮಾಡಿದಳು. ನೋಡಿಬಿಟ್ಟರೆ ಅದು ವೆಂಡೆಲ್ ಆಗಿರುವುದಿಲ್ಲ. ನೋಡದಿದ್ದರೆ ಆಗಿರಬಹುದು.

ಫೆಬ್ರವರಿ ಮೊದಲ ವಾರ ಬ್ರೆಂಟ್ ಹೀಬರ್ಟ್ ನೆಲಮಾಳಿಗೆಗೆ ಇಳಿದು ಬಂದ. ಅವನು ಕಾಲೇಜಿನ ಲೆಕ್ಕದ ಆಫೀಸಿನವನು. ಹತ್ತು ವರ್ಷದ ಹಿಂದೆ ಇಲ್ಲೇ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಆಗ ಅವನ ನಂಬರು ಹದಿನಾಲ್ಕು. ಪಟ್ಟಿಗೆ ಕೊಂಡಿ ಹಾಕುವುದನ್ನು ದಿನಾ ಮರೆಯುತ್ತಿದ್ದವನು ಈಗ ಕಾಲೇಜಿನ ದುಡ್ಡಿನ ಸೋರಿಕೆಗಳನ್ನೆಲ್ಲ ಮುಚ್ಚುವವನಾಗಿದ್ದ.

ಸೋರಿಕೆ ಇದ್ದದ್ದು ನಿಜ. ಆಗಸ್ಟಿನಲ್ಲೇ ಟ್ರಸ್ಟಿಗಳು ಕೂತು ಬಯಲೋಟದ ತಂಡವನ್ನು ತೆಗೆದುಹಾಕಿದ್ದರು. ಗೋಧಿ ಹೊಲಗಳ ನಡುವೆ ಮೈಲಿಗಟ್ಟಲೆ ಓಡುವ ಏಳು ಹುಡುಗಿಯರ ತಂಡ. ಅವರ ಖರ್ಚು ಫುಟ್‌ಬಾಲಿನವರ ಹೆಲ್ಮೆಟ್ಟಿನ ಖರ್ಚಿನಷ್ಟೂ ಇರಲಿಲ್ಲ. ಆದರೆ ಫುಟ್‌ಬಾಲಿಗೆ ತೊಂಬತ್ತು ಹುಡುಗರು ಬರುತ್ತಾರೆ, ಹಾಸ್ಟೆಲು ತುಂಬುತ್ತದೆ. ಕ್ಲಾಸು ಶುರುವಾದ ಇಪ್ಪತ್ತನೇ ದಿನ ತಲೆ ಎಣಿಸುತ್ತಾರೆ, ಆ ಎಣಿಕೆಯ ಮೇಲೆ ರಾಜ್ಯದ ದುಡ್ಡು ಬರುತ್ತದೆ. ಇಪ್ಪತ್ತೊಂದನೇ ದಿನದಿಂದ ಹುಡುಗರು ಒಬ್ಬೊಬ್ಬರಾಗಿ ಊರಿಗೆ ಹೋಗುತ್ತಾರೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಅರ್ಧ ಮೊಳೆಗಳಲ್ಲಿ ಪಟ್ಟಿಗಳು ಸುಮ್ಮನೆ ತೂಗುತ್ತಿರುತ್ತವೆ. ಏಳು ಜನರಿಂದ ಹಾಸ್ಟೆಲಿನ ಒಂದು ಸಾಲೂ ತುಂಬುವುದಿಲ್ಲ.

ಬ್ರೆಂಟ್ ಕೈಯಲ್ಲಿ ಕಾಗದ ಹಿಡಿದು, ತಂಡಗಳಲ್ಲಿ ಈಗ ಉಳಿದ ಹೆಸರು ನೂರ ಮೂರು, ಅವಳು ದಿನಾ ಒಗೆಯುತ್ತಿರುವುದು ನೂರ ನಾಲ್ಕು ಅಂದ.

"ಒಂದು ಹೆಚ್ಚು ಒಗೆದ್ರೆ ಮಿಷನ್ನಿಗೆ ಬಸುರು ನಿಲ್ಲುತ್ತಾ?" ಅಂದಳು ಆರ್ಡಿಸ್.

ಅವನ ಕಿವಿ ಕೆಂಪಾಯಿತು. ಸೋಪಿನ ಮಾತಲ್ಲ, ವಿಮೆಯ ಮಾತು ಅಂದ. ಹೆಸರಿಲ್ಲದವರು ಕಟ್ಟಡದೊಳಗೆ ಬಂದು ಜಾರಿಬಿದ್ದರೆ ಕಾಲೇಜು ಮುಳುಗುತ್ತದೆ. ಶುಕ್ರವಾರದೊಳಗೆ ಪ್ರತಿ ಪಟ್ಟಿಯ ಎದುರು ಒಂದು ಹೆಸರು, ಒಂದು ಆಟ ಬರೆದು ಕೊಡಬೇಕು. ಹೆಸರು ಸಿಗದ ಪಟ್ಟಿಯನ್ನು ಕತ್ತರಿಸಿ ಬಿಸಾಡಬೇಕು. ಹೇಳುವಷ್ಟು ಹೇಳಿ, ಮೊಳೆಗಳ ಸಾಲಿನ ಕಡೆ ನೋಡದೆ ಮೆಟ್ಟಿಲು ಹತ್ತಿದ. ಅರವತ್ತು ಯಾರದು ಅಂತ ಅವನಿಗೂ ಗೊತ್ತಿತ್ತು.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಡಬ್ಬಿಗೆ ತಂದ, ಎಲೆಕೋಸು ಮಾಂಸ ತುಂಬಿದ ಬನ್ನು ಹಾಗೇ ಮನೆಗೆ ವಾಪಸು ಹೋಯಿತು. ನೋಡಿದರೆ ವೆಂಡೆಲ್ ಹೋಗುತ್ತಾನೆ, ನೋಡದಿದ್ದರೆ ಪಟ್ಟಿಯೇ ಹೋಗುತ್ತದೆ. ಗುರುವಾರ ಐದೂವರೆಗೆ ಬಂದು ದೀಪ ಹಾಕದೆ ಒಣಗಿಸುವ ಮಿಷನ್ನಿನ ಮರೆಯಲ್ಲಿ ಕೂತಳು.

ಆರೂವರೆ ದಾಟಿದ ಮೇಲೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ಬೂದು ಅಂಗಿ ಬಾಗಿಲಲ್ಲಿ ನಿಂತಿತು. ಸೀಳಿದ ಕತ್ತು, ಮೊಣಕಾಲ ತನಕ ಇಳಿದ ಅಂಗಿ, ಮೇಲಿನಿಂದ ಹಬೆ ಏಳುತ್ತಿತ್ತು. ಒಂದು ಕ್ಷಣ ಅದರ ಮೇಲೆ ತಲೆಯೇ ಇಲ್ಲ ಅನ್ನಿಸಿತು ಅವಳಿಗೆ. ಆಮೇಲೆ ಅದು ಟೋಪಿ ತೆಗೆಯಿತು. ಕಪ್ಪು ಜಡೆ ಬಿತ್ತು.

ಬಯಲೋಟದ ಏಳು ಹುಡುಗಿಯರಲ್ಲಿ ಒಬ್ಬಳು, ಯಾದಿರಾ. ದನದ ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಗಳು.

ಆರ್ಡಿಸ್ ದೀಪ ಹಾಕಿದಳು. ಹುಡುಗಿ ಕಿರುಚಲಿಲ್ಲ. ಸಿಕ್ಕಿಬಿದ್ದ ಕಳ್ಳಿಯ ಹಾಗೆ ಪಟ್ಟಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಎಲ್ಲಿತ್ತು ಇದು?" ಅಂತ ಕೇಳಿದಳು ಆರ್ಡಿಸ್.

"ಅವ್ರೇ ಕೊಟ್ರು, ಅಂಗಿ ಸಮೇತ, ಮಿಸೆಸ್ ಅನ್ರೂ. ನಮ್ಮ ಪಟ್ಟಿ ಎಲ್ಲಾ ವಾಪಸ್ ಇಸ್ಕೊಂಡಿದ್ರಲ್ಲ. ನಂದು ತಗೋ, ಬುಟ್ಟಿಗೆ ಹಾಕು, ನಮ್ಮಾಕೆ ಒಗೀತಾಳೆ, ಕೇಳೋಳಲ್ಲ ಅಂದ್ರು. ಅದಾಗಿ ನಾಲ್ಕೇ ದಿನಕ್ಕೆ..."

ಉಳಿದದ್ದನ್ನು ಹುಡುಗಿ ಬೆಂಚಿನ ತುದಿಯಲ್ಲಿ ಕೂತು ಹೇಳಿದಳು. ಸತ್ತವರ ವಸ್ತು, ಹೇಗೆ ಬಳಸುವುದು ಅಂತ ಡಿಸೆಂಬರ್ ಮುಗಿಯುವ ತನಕ ಮುಟ್ಟಿರಲಿಲ್ಲ. ಏಪ್ರಿಲಿನಲ್ಲಿ ವಿಚಿಟಾದಲ್ಲಿ ಯಾರು ಬೇಕಾದರೂ ಓಡಬಹುದಾದ ಒಂದು ಪಂದ್ಯವಿದೆ. ದೊಡ್ಡ ಯೂನಿವರ್ಸಿಟಿಯ ಕೋಚು ನೋಡಲು ಬರುತ್ತೇನೆ ಅಂದಿದ್ದಾಳೆ. ಅಲ್ಲಿ ಓಟ ಮೆಚ್ಚಿಗೆಯಾದರೆ ಓದಿನ ಖರ್ಚು ಅವರದು. ಇಲ್ಲದಿದ್ದರೆ ಮೇ ತಿಂಗಳಿಂದ ಅಮ್ಮನ ಪಕ್ಕ ನಿಂತು ಎಲುಬು ಬಿಡಿಸುವುದು. ಫುಟ್‌ಬಾಲಿನವರ ಕಸರತ್ತಿಗೆ ಅಂತ ಐದಕ್ಕೇ ಬಾಗಿಲು ತೆಗೆಯುತ್ತಾರಲ್ಲ, ಅವರ ಹಿಂದೆ ಒಳಗೆ ಬಂದು ಬಟ್ಟೆ ಬದಲಿಸಿ ಓಡಲು ಹೋಗುತ್ತಾಳೆ.

"ಕತ್ತಲಲ್ಲಿ ಒಬ್ಬಳೇನಾ? ಆ ರಸ್ತೇಲಿ?"

ಊರಾಚೆಯ ಆ ರಸ್ತೆಗೆ ಅಂಚಿಲ್ಲ. ದನದ ಲಾರಿಗಳು ಮೈಮೇಲೇ ಬರುತ್ತವೆ. ತಂಡ ಇದ್ದಾಗ ವೆಂಡೆಲ್ ಪಿಕಪ್ಪಿನಲ್ಲಿ ದೀಪ ಹಾಕಿಕೊಂಡು ಹುಡುಗಿಯರ ಹಿಂದೆ ನಿಧಾನ ಬರುತ್ತಿದ್ದ. ಅದಕ್ಕೆ ಅವನಿಗೆ ಸಂಬಳ ಇರಲಿಲ್ಲ.

ಯಾದಿರಾ ಕಾಲುಚೀಲ ಎಳೆದುಕೊಂಡಳು. "ಒಬ್ಬಳೇ ಅನ್ಸಲ್ಲ," ಅಂದಳು. "ಹಿಂದೆ ಗಾಡಿ ಸದ್ದು ಬರ್ತಾ ಇರುತ್ತೆ. ಅವರು ಎರಡನೇ ಗೇರಲ್ಲೇ ಬರ್ತಿದ್ರಲ್ಲ, ಹಾಗೇ. ತಿರುಗಿ ನೋಡಿದ್ರೆ ನಿಂತುಹೋಗುತ್ತೆ. ಅದಕ್ಕೇ ನೋಡಲ್ಲ ನಾನು."

ಹುಡುಗಿ ಬಟ್ಟೆ ಬದಲಿಸಿ ಅಂಗಿಯನ್ನು ಪಟ್ಟಿಗೆ ಪೋಣಿಸಿ ಕೊಟ್ಟಳು. ಆರ್ಡಿಸ್ ಅದನ್ನು ತೆಗೆದುಕೊಂಡು ಮಿಷನ್ನಿಗೆ ಹಾಕಿದಳು. ಹಾಕುವ ಮುಂಚೆ ಮೂಸಿದಳು. ಹುಡುಗಿಯೊಬ್ಬಳ ಬೆವರು. ಮೊದಲಿಂದಲೂ ಅದೇ ಇದ್ದದ್ದು. ಅವಳ ಮೂಗು ಅವಳಿಗೇ ಸುಳ್ಳು ಹೇಳಿತ್ತು. ಆ ಬೆಳಿಗ್ಗೆ ಗಂಡ ಎರಡನೇ ಸಲ ಸತ್ತ.

ಶುಕ್ರವಾರ ಅವಳು ಲಿಸ್ಟು ಬರೆಯಲು ಕೂತಳು. ಕೋಚುಗಳು ಕೊಟ್ಟ ಕಾಗದದಿಂದ ನೂರ ಮೂರು ಹೆಸರು ಸಲೀಸಾಗಿ ಬಂದವು. ಅರವತ್ತರ ಎದುರು ಪೆನ್ನು ನಿಂತಿತು. ಹುಡುಗಿಯ ಹೆಸರು ಬರೆದರೆ ಸಂಜೆಯೊಳಗೆ ಅವಳಿಗೆ ಬಾಗಿಲು ಮುಚ್ಚುತ್ತದೆ. ಬರೆಯದಿದ್ದರೆ ಕತ್ತರಿ. ಬರೆದು ಮುಗಿಸಿ ತಾನೇ ಮೇಲೆ ಹೋಗಿ ಬ್ರೆಂಟನ ಮೇಜಿನ ಮೇಲಿಟ್ಟಳು.

ಅವನು ಬೆರಳಿಟ್ಟು ಓದುತ್ತಾ ಬಂದು ಅರವತ್ತರ ಹತ್ತಿರ ನಿಂತ.

"ವೆಂಡೆಲ್ ಅನ್ರೂ. ಬಯಲೋಟ," ಅಂತ ಮೆಲ್ಲಗೆ ಓದಿದ. "ಆರ್ಡಿಸ್ ಅವ್ರೇ, ಇವರು ಇಲ್ಲ."

"ಬಯಲೋಟಾನೂ ಇಲ್ಲ. ಎರಡೂ ಒಂದೇ ಸಾಲಲ್ಲಿ ಇರ್ಲಿ ಬಿಡು."

"ಆಡೋರಿಗೆ ಆರೋಗ್ಯ ಸರಿ ಇದೆ ಅಂತ ಡಾಕ್ಟರ ಕಾಗದ ಬೇಕು. ಫೈಲಿಗೆ."

"ಇದೆ. ಸತ್ತಾಗ ನಮ್ಮ ಕೌಂಟಿ ಡಾಕ್ಟ್ರೇ ಬರೆದುಕೊಟ್ಟಿದ್ದು. ಬ್ಯಾಂಕಿಗೆ, ಪಿಂಚಣಿಗೆ ಅಂತ ಹತ್ತು ಪ್ರತಿ ಮಾಡಿಸಿದ್ದೆ. ಮೂರು ಉಳಿದಿದೆ. ಒಂದು ತಂದು ಕೊಡ್ತೀನಿ."

ಬ್ರೆಂಟ್ ಕನ್ನಡಕ ತೆಗೆದು ಒರೆಸಿದ. ಆಮೇಲೆ, ಮೇ ತನಕ ಒಂದು ಪಟ್ಟಿ ಒಗೆಯಲು ಎಪ್ಪತ್ತೆರಡು ಡಾಲರು ಬೀಳುತ್ತದೆ, ಯಾವ ತಂಡದ ಬಾಬ್ತಿಗೆ ಹಾಕಲಿ ಅಂತ ಕೇಳಿದ. ತನ್ನ ಸಂಬಳದಲ್ಲಿ ಹಿಡಿ ಅಂದಳು. ಅವನು ಅರವತ್ತರ ಎದುರು 'ಸಿಬ್ಬಂದಿ, ಒಂದು' ಅಂತ ಬರೆದು ಕಾಗದವನ್ನು ಫೈಲಿಗೆ ಸೇರಿಸಿದ. ಅವಳು ಬಾಗಿಲಿಗೆ ಹೋದ ಮೇಲೆ ಕೇಳಿದ.

"ಅದು ಯಾರು ಅಂತ ನನಗೆ ಗೊತ್ತಾಗಬೇಕಾ?"

"ಬೇಡ," ಅಂದಳು.

ಹುಡುಗಿಗೆ ಪಟ್ಟಿ ಉಳಿಯಿತು. ತನ್ನ ಮಟ್ಟಿಗೆ ಉಳಿದದ್ದೇನು ಅಂತ ಆರ್ಡಿಸಳಿಗೆ ತಿಳಿಯಲಿಲ್ಲ. ಆ ರಾತ್ರಿ ಒಕ್ಲಹೋಮದವನ ನಂಬರು ಹುಡುಕಿ ಫೋನು ಮಾಡಿ, ಪಿಕಪ್ ಈಗ ಎಲ್ಲಿದೆ ಅಂತ ಕೇಳಿದಳು. ಆ ಗಾಡಿನಾ, ಕ್ರಿಸ್‌ಮಸ್ಸಿಗೇ ಎಂಜಿನ್ ಕೂತುಹೋಯ್ತು, ಬಿಡಿಭಾಗಕ್ಕೆ ಮಾರಿದೆ ಅಂದ ಅವನು.

ಶನಿವಾರ ಕತ್ತಲಿರುವಾಗಲೇ ಅವಳು ಕಾರನ್ನು ಧಾನ್ಯದ ಗೋದಾಮಿನ ಹಿಂದೆ ನಿಲ್ಲಿಸಿ, ದೀಪ ಆರಿಸಿ, ರಸ್ತೆಯ ಪಕ್ಕ ಬಂದು ನಿಂತಳು. ಗಾಳಿ ಇರಲಿಲ್ಲ. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ದೂರದಿಂದ ಹೆಜ್ಜೆಯ ಸದ್ದು ಬಂತು. ಒಂದೇ ಲಯ, ಎರಡು ಕಾಲಿನದು, ಅಷ್ಟೇ. ಅವಳು ಉಸಿರು ಹಿಡಿದು ಆ ಹೆಜ್ಜೆಯ ಹಿಂದೆ ಕಿವಿ ಕೊಟ್ಟಳು. ಬೇರೆ ಏನೂ ಇರಲಿಲ್ಲ.

ಬೂದು ಅಂಗಿ ಹತ್ತಿರ ಬಂತು. ಆರ್ಡಿಸ್ ನಿಂತದ್ದನ್ನು ಹುಡುಗಿ ಗಮನಿಸಲಿಲ್ಲ. ಮೋರಿ ಇರುವ ಕಡೆ ರಸ್ತೆ ಇಕ್ಕಟ್ಟಾಗುತ್ತದೆ. ಅಲ್ಲಿಗೆ ಬಂದಾಗ ಅವಳು ಓಟ ನಿಲ್ಲಿಸದೆ ಎಡಕ್ಕೆ ಸರಿದು ಹುಲ್ಲಿಗಿಳಿದಳು. ತಿರುಗಿ ನೋಡದೆ ಬಲಗೈ ಎತ್ತಿ, ಮುಂದೆ ಹೋಗಿ ಅಂತ ಹಿಂದೆ ಬರುವ ಗಾಡಿಗೆ ಮಾಡುವ ಹಾಗೆ ಸನ್ನೆ ಮಾಡಿದಳು.

ರಸ್ತೆ ಖಾಲಿ ಇತ್ತು. ಆರ್ಡಿಸ್ ಒಂದು ಹೆಜ್ಜೆ ಹಿಂದಕ್ಕೆ ಸರಿದು ದಾರಿ ಬಿಟ್ಟಳು.