ಕಂಬಳಿಯ ಮೇಲಿನ ಅಂಕಪಟ್ಟಿ

ಶ್ರಾವಣದ ಒಂದು ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ, ನ್ಯಾಮತಿಯ ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಸೊಸೆ, ಹಿಂದಿನ ಸಂಜೆ ಜಗಳೂರಿನಿಂದ ಬಸ್ಸಿನಲ್ಲಿ ಬಂದಿದ್ದ ನನ್ನ ಅಣ್ಣ. ಅವನ ಹೆಗಲ ಮೇಲೆ ಬಂದ ಕರಿ ಕಂಬಳಿಯನ್ನೂ ಹಾಜರಿಗೆ ಸೇರಿಸಬೇಕು.

ಸೊಸೆ ಅಂಗನವಾಡಿ ಕೆಲಸಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕುತ್ತಿದ್ದಳು. ಸಂಜೆ ಐದಕ್ಕೆ ಗಡುವು. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಅವಳ ವಯಸ್ಸು ಮೀರಿರುತ್ತದೆ. ಉಳಿದಿದ್ದು ಅಂಕಪಟ್ಟಿಯೊಂದೇ, ಅದರ ಫೈಲ್ ಇನ್ನೂರು ಕೆಬಿ ದಾಟಬಾರದು.

ನಾನು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಮೊದಲು ಮೇಜು ಒರೆಸಿದೆ, ಆಮೇಲೆ ಕಂಪ್ಯೂಟರ್ ಒರೆಸಿದೆ, ಕೈ ತೊಳೆದು ಅಂಕಪಟ್ಟಿ ಎತ್ತಿಕೊಂಡೆ. ಅಷ್ಟರಲ್ಲಿ ಅಣ್ಣ ಮೇಜಿನ ಮೇಲೆ ಕಂಬಳಿ ಹಾಸಿಬಿಟ್ಟಿದ್ದ.

"ಒಳ್ಳೆ ಕೆಲಸದ ಕಾಗದ ಬರೀ ಮೇಜಿನ ಮ್ಯಾಲೆ ಇಡ್ತಾರೇನೋ? ನಿನ್ನ ಲಗ್ನದ ವೀಳ್ಯಾನೂ ಕಂಬಳಿ ಮ್ಯಾಲೇ ಇಟ್ಟಿದ್ವಿ."

ನಮ್ಮ ಮನೆತನದ ಪದ್ಧತಿ ಅದು. ಅಂಕಪಟ್ಟಿಯನ್ನು ಕಂಬಳಿಯ ಮೇಲಿಟ್ಟೆ. ಸೊಸೆ ಮೊಬೈಲಿನಲ್ಲಿ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದಳು. ಆರು ಎಂಬಿ.

"ದೂರದಿಂದ ತೆಗಿ. ಸಣ್ಣಗೆ ಕಂಡ್ರೆ ಸಣ್ಣದೇ ಆಗುತ್ತೆ" ಎಂದು ಆಜ್ಞೆ ಕೊಟ್ಟೆ. ಅವಳು ಸ್ಟೂಲ್ ಹತ್ತಿ ತೆಗೆದಳು. ಕಾಗದ ಬಸ್ ಟಿಕೆಟ್ಟಿನಷ್ಟಾಯಿತು, ಫೈಲ್ ಏಳು ಎಂಬಿ ಆಯಿತು. ಫೈಲಿನ ಗಾತ್ರ ಇಳಿಸುವ ಪ್ರೋಗ್ರಾಮಿಗೆ ಕೊಟ್ಟು ಇನ್ನೂರರ ಒಳಗೆ ತಂದರೆ, ಅಂಕಗಳೆಲ್ಲ ಕಲಸಿದ ಮುದ್ದೆಯಂತೆ ಕಂಡವು.

ಸೊಸೆ ಮೊದಲ ಚಿತ್ರವನ್ನು ಹಿಗ್ಗಿಸಿ ನೋಡಿದಳು.

"ದೊಡ್ಡಮಾವ, ನಿಮ್ಮ ಕುರಿ ಒಂದೊಂದು ಕೂದಲೂ ಇದ್ರಾಗೆ ಐತೆ ನೋಡ್ರಿ."

ಅಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. "ಉಣ್ಣೆ ಹೆಂಗೈತೆ ನೋಡು. ಇಂಥದ್ದು ಈಗ ಸಿಗಾಕಿಲ್ಲ."

"ಅದೇ ಫೈಲಿನ ಜಾಗ ತಿನ್ನಾಕತ್ತೈತೆ."

"ಕುರಿ ಅಂದ್ಮ್ಯಾಲೆ ತಿನ್ನದೇ ಇರ್ತಾವೇನವ್ವ?"

ಚಿತ್ರದಲ್ಲಿ ಕಂಬಳಿ ಕಾಣುವ ಅಂಚು ಕತ್ತರಿಸೋಣ ಎಂದು ನಾನು ಇಲಿಗೆ ಕೈ ಹಾಕಿದೆ. ಕಂಪ್ಯೂಟರಿನ ಇಲಿ.

"ಲಕ್ಷಣವಾಗಿರೋ ಕಂಬಳೀನ ಕತ್ತರಿಸ್ತಿಯಾ? ಆ ಹುಡುಗಿ ಕೆಲಸಕ್ಕೆ ನೀನೇ ಕತ್ತರಿ ಹಾಕ್ದಂಗೆ" ಎಂದ ಅಣ್ಣ. ನನಗೆ ಎಪ್ಪತ್ತಾಗಿದ್ದರೂ ಅಣ್ಣನ ಎದುರು ಕೈ ಹಿಂದಕ್ಕೆ ಹೋಯಿತು.

ಸೊಸೆ ಗಡಿಯಾರ ನೋಡಿದಳು. ಒಳಗೆ ಹೋಗಿ, ನಾನು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಪಂಚೆ ತಂದು ಕಂಬಳಿಯ ಮೇಲೆ ಹಾಸಿದಳು. ಅದರ ಮೇಲೆ ಅಂಕಪಟ್ಟಿ ಇಟ್ಟಳು.

"ಈಗ್ಲೂ ಕಂಬಳಿ ಮ್ಯಾಲೇ ಐತೆ ಅಲ್ವೇನ್ರಿ, ದೊಡ್ಡಮಾವ?"

ಅಣ್ಣ ಪಂಚೆಯ ತುದಿ ಎತ್ತಿ ಕೆಳಗೆ ನೋಡಿದ. ಕಂಬಳಿ ಇತ್ತು. "ಐತೆ" ಎಂದ.

ಹೊಸ ಫೋಟೊ ಅರ್ಧಕ್ಕರ್ಧ ಸಣ್ಣದಾಗಿ ಬಂತು. ಬಣ್ಣ ತೆಗೆದು ಪ್ರೋಗ್ರಾಮಿಗೆ ಕೊಟ್ಟಾಗ ನೂರ ಎಂಬತ್ತು ಕೆಬಿ. ಅಂಕಗಳು ಅಂಕಗಳಂತೆಯೇ ಕಂಡವು. ಅರ್ಜಿ ಹೋಯಿತು, ಸ್ವೀಕೃತಿಯ ಸಂಖ್ಯೆ ಬಂತು. ಸೊಸೆ ಬೆಳಗಿನಿಂದ ಮುಟ್ಟದಿದ್ದ ಚಹಾವನ್ನು ತಣ್ಣಗಿದ್ದ ಹಾಗೆಯೇ ಕುಡಿದಳು.

"ಕಂಬಳಿ ಮ್ಯಾಲೆ ಇಟ್ಟಿದ್ದಕ್ಕೇ ಹೋತು" ಎಂದ ಅಣ್ಣ. ನಂತರ ಮೆಲ್ಲಗೆ, "ಕಂಬಳಿದೊಂದೇ ಬ್ಯಾರೆ ಫೋಟೊ ತೆಗಿ. ಅದನ್ನ ಮಾತ್ರ ಇಳಿಸಬ್ಯಾಡ" ಎಂದ.

ತೆಗೆದೆ. ಒಂಬತ್ತು ಎಂಬಿ. ಹಾಗೆಯೇ ಉಳಿಸಿ, ಪಂಚೆ ಮಡಚಿಟ್ಟು, ಕಂಪ್ಯೂಟರಿಗೆ ಮುಸುಕು ಹಾಕಿದೆ.